ನಾಯಿಗೆ ಸುಮ್ಮನೆ ಮಲಗಲು ಕಲಿಸಿದ ಕಥೆ

ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಕ್ರಿ.ಶ. 949-50ರ ಹೊತ್ತಿಗೆ ಒಂದು ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದರು. ನಾಯಿಯ ಹೆಸರು ಕಾಳಿ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ಬೂತುಗ ಏನು ಬೇಕೋ ಕೇಳು ಅಂದ. ಮಣಲೇರ ಕೇಳಿದ್ದು ಆ ನಾಯಿಯನ್ನು. ಮುಂದೆ ಕೆಲಲೆಯ ಹತ್ತಿರ ಒಂದು ದೊಡ್ಡ ಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಂತಿತು, ಅದರ ಪೂಜೆಗೆ ಭೂಮಿ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹೋದಾಗ ನೋಡಿ.

ಓಡಿದ, ಹಿಡಿದ, ಕಾದಾಡಿದ ನಾಯಿಗೆ ಕಲ್ಲು ನಿಲ್ಲಿಸುತ್ತಾರೆ. ಸುಮ್ಮನೆ ಮಲಗಿದ ನಾಯಿಗೆ ನಾವು ಕಲ್ಲು ಹೊಡೆಯುತ್ತೇವೆ. ಆದರೆ ನಾಯಿಗೆ ಓಡುವುದನ್ನು ಯಾರೂ ಕಲಿಸಬೇಕಾಗಿಲ್ಲ, ಅದು ಹುಟ್ಟಿನಿಂದ ಬಂದದ್ದು. ತೋರಿಸಿದ ಜಾಗದಲ್ಲಿ, ಮನೆಗೆ ನೆಂಟರು ಬಂದರೂ, ಎದುರಿಗೆ ಬೆಕ್ಕು ಹಾದು ಹೋದರೂ, ಏಳದೆ ಮಲಗಿರುವುದನ್ನು ಕಲಿಸಬೇಕು. ಅದನ್ನು ಮನುಷ್ಯರು ಹೇಗೆ ಕಲಿಸಿದರು ಅನ್ನುವುದಕ್ಕೆ ಆರು ನೂರು ವರ್ಷಕ್ಕೂ ಮಿಕ್ಕಿದ ಬರವಣಿಗೆಯ ದಾಖಲೆ ಇದೆ. ನಮ್ಮ ಕಡೆ ಮನೆಗೆ ಯಾರಾದರೂ ಬಂದರೆ ನಾಯಿ ಮೈಮೇಲೆ ಹಾರುತ್ತದೆ, ಮಕ್ಕಳು ಹೆದರಿ ಓಡುತ್ತವೆ, ಓಡಿದವರನ್ನು ನಾಯಿ ಅಟ್ಟುತ್ತದೆ. ಆಮೇಲೆ ಸರಪಳಿ. ದಿನವಿಡೀ ಸರಪಳಿಯಲ್ಲಿದ್ದ ನಾಯಿ ಇನ್ನಷ್ಟು ಕೆರಳುತ್ತದೆ, ಒಂದು ದಿನ ಬಿಚ್ಚಿಕೊಂಡು ಯಾರಿಗೋ ಬಾಯಿ ಹಾಕುತ್ತದೆ. ಆದ್ದರಿಂದ ಈ ಇತಿಹಾಸ ನಮಗೂ ಬೇಕು.

ದಕ್ಷಿಣ ಫ್ರಾನ್ಸಿನಲ್ಲಿ ಫುವಾ ಎಂಬ ಸೀಮೆ ಇತ್ತು. ಅದರ ದೊರೆ ಗ್ಯಾಸ್ಟನ್ 1387ರಲ್ಲಿ ಬೇಟೆಯ ಮೇಲೆ ಒಂದು ಪುಸ್ತಕ ಬರೆಯಲು ಕೂತ. ಅದರಲ್ಲಿ ನಾಯಿಗಳ ಮನೆ ಹೇಗಿರಬೇಕು ಅನ್ನುವ ವಿವರವಿದೆ. ನೆಲಕ್ಕೆ ಹುಲ್ಲು, ಚಳಿಗೆ ಬೆಂಕಿಗೂಡು, ಹಗಲು ಬಿಸಿಲು ಕಾಯಲು ಅಂಗಳ, ರಾತ್ರಿ ಜಗಳ ಆಗದಂತೆ ನಾಯಿಗಳ ಜೊತೆ ಮಲಗಲು ಒಬ್ಬ ಹುಡುಗ. ಹುಡುಗನಿಗೆ ಏನು ಕೊಡುತ್ತಿದ್ದರೋ, ನಾಯಿಯ ಹಾಸಿಗೆಯಂತೂ ಚೆನ್ನಾಗಿತ್ತು. ಅದೇ ಪುಸ್ತಕದಲ್ಲಿ ಮಲಗುವ ನಾಯಿಗಳ ಮಾತೂ ಬರುತ್ತದೆ. ಇವು ಸ್ಪೇನಿಯಲ್ ಜಾತಿಯ ನಾಯಿಗಳು. ಕವುಜುಗ, ಲಾವುಗೆ ಹುಲ್ಲಿನಲ್ಲಿ ಅವಿತಿರುವುದನ್ನು ಮೂಸಿ ತಿಳಿದ ಕೂಡಲೇ ಇವು ನುಗ್ಗುವಂತಿಲ್ಲ, ಹೊಟ್ಟೆಯನ್ನು ನೆಲಕ್ಕೆ ಹಚ್ಚಿ ಮಲಗಬೇಕು. ಬೇಟೆಗಾರರು ಬಲೆ ಎಳೆದುಕೊಂಡು ಬಂದು ಹಕ್ಕಿಗಳ ಮೇಲೆ ಹಾಕುತ್ತಿದ್ದರು. ಎದ್ದು ನಿಂತ ನಾಯಿ ಬಲೆಗೆ ಅಡ್ಡಿ, ನುಗ್ಗಿದ ನಾಯಿಯಿಂದ ಹಕ್ಕಿ ಹಾರಿ ಬೇಟೆಯೇ ಹಾಳು. ಅಂದರೆ ಅವತ್ತು ಊಟ ಸಿಗುವುದು ನಾಯಿ ಎಷ್ಟು ಹೊತ್ತು ಅಲುಗದೆ ಮಲಗುತ್ತದೆ ಅನ್ನುವುದರ ಮೇಲೆ.

ಇಂಗ್ಲೆಂಡಿನಲ್ಲಿ ರಾಜವೈದ್ಯನಾಗಿದ್ದ ಜಾನ್ ಕೇಯಸ್ 1570ರಲ್ಲಿ ಅಲ್ಲಿನ ನಾಯಿಗಳ ಬಗ್ಗೆ ಲ್ಯಾಟಿನ್ ಭಾಷೆಯಲ್ಲಿ ಒಂದು ಚಿಕ್ಕ ಪುಸ್ತಕ ಬರೆದ. ಅದರಲ್ಲಿ ಈ ಕೆಲಸದ ನಾಯಿಗೆ ಸೆಟ್ಟರ್ ಎಂದೇ ಹೆಸರು. ಸದ್ದಿಲ್ಲದೆ ತೆವಳುತ್ತಾ ಹೋಗಿ ಹಕ್ಕಿಯ ಹತ್ತಿರ ಮಲಗಿಬಿಡುವ ನಾಯಿ ಎಂದು ಆತ ವಿವರಿಸುತ್ತಾನೆ. ಮುಂದೆ ಹಾರುವ ಹಕ್ಕಿಗೆ ಗುಂಡು ಹೊಡೆಯುವ ಬಂದೂಕು ಬಂತು, ಬಲೆ ಮೂಲೆ ಸೇರಿತು. ನಾಯಿ ಮಲಗುವ ಬದಲು ನಿಂತು ತೋರಿಸಿದರೆ ಸಾಕಾಯಿತು. ಸೆಟ್ಟರ್ ಅನ್ನುವ ಹೆಸರು ಮಾತ್ರ ಈಗಲೂ ಉಳಿದಿದೆ.

ನಮ್ಮಲ್ಲೂ ನಾಯಿ ಬೇಟೆಯ ಬರವಣಿಗೆ ಇಲ್ಲದಿಲ್ಲ. ಕಲ್ಯಾಣದ ಚಾಲುಕ್ಯರ ಮೂರನೇ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ನಾಯಿಗಳ ವಿನೋದಕ್ಕೇ ಒಂದು ಭಾಗವಿದೆ. ನಮ್ಮ ಮುಧೋಳ ನಾಯಿಯಂತೂ 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು. ಅದು ಮೂಗಿಗಿಂತ ಕಣ್ಣಿನಿಂದ ಬೇಟೆಯಾಡುವ ಜಾತಿ. ದೂರದಲ್ಲಿ ಮೊಲದಂಥದ್ದು ಏನೋ ಅಲುಗಿದರೆ ಸಾಕು, ಕಾಲು ತಾನಾಗಿ ಓಡುತ್ತದೆ. ಅಂಥ ನಾಯಿಗೆ ಮಲಗಿರು ಅನ್ನುವುದು ಎಷ್ಟು ಕಷ್ಟ ಅಂತ ಸಾಕಿದವರನ್ನು ಕೇಳಿ.

ಇನ್ನು 20ನೇ ಶತಮಾನಕ್ಕೆ ಬರೋಣ. ಜರ್ಮನಿಯ ಪೊಲೀಸ್ ಅಧಿಕಾರಿ ಕೊನ್ರಾಡ್ ಮೋಸ್ಟ್ 1910ರಲ್ಲಿ ನಾಯಿ ತರಬೇತಿಯ ಪುಸ್ತಕ ಬರೆದ. ನಾಯಿಗೆ ನಮ್ಮ ಮಾತಿನ ಅರ್ಥ ತಿಳಿಯುವುದಿಲ್ಲ, ಅದು ಮಾಡಿದ ಕೆಲಸಕ್ಕೆ ಆ ಕ್ಷಣದಲ್ಲೇ ಏನು ಸಿಕ್ಕಿತು ಅನ್ನುವುದಷ್ಟೇ ತಿಳಿಯುತ್ತದೆ ಎಂಬುದು ಅವನ ಮಾತಿನ ತಿರುಳು. ಇಲ್ಲಿಯವರೆಗೆ ಸರಿ. ಆದರೆ ಅವನ ಕೈಯಲ್ಲಿ ಮುಳ್ಳಿನ ಪಟ್ಟಿಯೂ ಇತ್ತು, ಛಡಿಯೂ ಇತ್ತು. ಯುದ್ಧದ ನಾಯಿಗಳು ಆ ದಾರಿಯಲ್ಲೇ ಕಲಿತವು. ಹೆದರಿ ಮಲಗಿದ ನಾಯಿಯೂ ನೆಮ್ಮದಿಯಾಗಿ ಮಲಗಿದ ನಾಯಿಯೂ ದೂರದಿಂದ ಒಂದೇ ಥರ ಕಾಣುತ್ತವೆ. ಹತ್ತಿರ ಹೋಗಿ ಕಿವಿ, ಬಾಲ, ಉಸಿರು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ಆ ವ್ಯತ್ಯಾಸಕ್ಕೆ ಒಳ್ಳೆಯ ಸಾಕ್ಷಿ ಸಿಕ್ಕಿದ್ದು ರಷ್ಯಾದಲ್ಲಿ. ಪಾವ್ಲೋವ್ ಹೆಸರು ಟೀಚರ್ ಟ್ರೈನಿಂಗ್ ಮಾಡಿದವರಿಗೆಲ್ಲ ಬಾಯಿಪಾಠ. 1904ರಲ್ಲಿ ನೊಬೆಲ್ ಪಡೆದವರು. ಗಂಟೆಯ ಕಥೆ ಎಲ್ಲರಿಗೂ ಗೊತ್ತು, ಈ ಕಥೆ ಅಷ್ಟಾಗಿ ಯಾರೂ ಹೇಳುವುದಿಲ್ಲ. ಅವರ ಪ್ರಯೋಗಶಾಲೆಗೆ ಒಂದು ನಾಯಿ ಬಂತು. ಜನರ ಜೊತೆ ಬಲು ಸ್ನೇಹ. ಆದರೆ ಪ್ರಯೋಗದ ಕಟ್ಟೆಯ ಮೇಲೆ ನಿಲ್ಲಿಸಿ ಪಟ್ಟಿ ಹಾಕಿದರೆ ಒದ್ದಾಟ, ಏದುಸಿರು, ಜೊಲ್ಲು. ಯಾಕೆ ಅಂತ ಬಹಳ ದಿನ ತಿಳಿಯಲಿಲ್ಲ. ಕೊನೆಗೆ, ಕಟ್ಟಿಹಾಕುವುದನ್ನೇ ಇದು ಸಹಿಸುವುದಿಲ್ಲ, ಬಿಡುಗಡೆ ಬಯಸುವುದು ಇದರ ಹುಟ್ಟುಗುಣ ಎಂದು ತೀರ್ಮಾನಿಸಿದರು. ಹೊಡೆಯಲಿಲ್ಲ. ಆ ಕಟ್ಟೆಯ ಮೇಲೆ ಬಿಟ್ಟು ಬೇರೆಲ್ಲೂ ಊಟ ಹಾಕಲಿಲ್ಲ, ಅಷ್ಟೇ. ಮೊದಮೊದಲು ನಾಯಿ ಅರೆಹೊಟ್ಟೆ ತಿಂದು ಸೊರಗಿತು. ಆಮೇಲೆ ನಿಧಾನವಾಗಿ ತಿನ್ನುವುದು ಹೆಚ್ಚಿತು, ತಟ್ಟೆ ಖಾಲಿಯಾಗತೊಡಗಿತು, ಜೊತೆಜೊತೆಗೇ ಒದ್ದಾಟವೂ ಇಳಿಯಿತು. ಯಾವ ಜಾಗ ಅದಕ್ಕೆ ಶಿಕ್ಷೆಯಾಗಿತ್ತೋ ಅದೇ ಜಾಗ ಊಟದ ಜಾಗವಾಯಿತು. ಸೊರಗಿಸಿದ್ದು ನನಗೆ ಹಿಡಿಸುವುದಿಲ್ಲ, ಮನೆಯಲ್ಲಿ ಯಾರೂ ಹಾಗೆ ಮಾಡಬೇಡಿ. ಆದರೆ ಜಾಗಕ್ಕೂ ಮನಸ್ಸಿಗೂ ಇರುವ ನಂಟನ್ನು ಇಷ್ಟು ಚೆನ್ನಾಗಿ ತೋರಿಸುವ ಇನ್ನೊಂದು ಕಥೆ ನನಗೆ ಸಿಕ್ಕಿಲ್ಲ.

ಮಲಗುವ ವಿದ್ಯೆಯಿಂದ ಮನುಷ್ಯನಿಗೆ ಹಕ್ಕು ಸಿಕ್ಕ ಕಥೆ ಅಮೆರಿಕದ್ದು. ಮೋರಿಸ್ ಫ್ರಾಂಕ್ ಎಂಬ 20 ವರ್ಷದ ಕುರುಡ ಯುವಕ 1928ರಲ್ಲಿ ಸ್ವಿಟ್ಜರ್ಲೆಂಡಿಗೆ ಹೋಗಿ, ದಾರಿ ತೋರಿಸುವ ತರಬೇತಿ ಪಡೆದ ಹೆಣ್ಣು ನಾಯಿಯೊಂದನ್ನು ಕರೆತಂದ. ಮೊದಲಿದ್ದ ಹೆಸರು ಕಿಸ್. ಬೀದಿಯಲ್ಲಿ ಹಾಗೆ ಕೂಗಲು ನಾಚಿಕೆಯಾಗಿ ಬಡ್ಡಿ ಅಂತ ಬದಲಿಸಿದ. ನಮ್ಮ ಸಾಲದ ಬಡ್ಡಿ ಅಲ್ಲ, ಅವರ ಭಾಷೆಯಲ್ಲಿ ಗೆಳೆಯ ಎಂದರ್ಥ. ನ್ಯೂಯಾರ್ಕಿನ ವಾಹನಗಳ ನಡುವೆ ಪತ್ರಕರ್ತರ ಕಣ್ಣೆದುರೇ ಬಡ್ಡಿ ಅವನನ್ನು ರಸ್ತೆ ದಾಟಿಸಿತು. ಮರುವರ್ಷ ಇಂಥ ನಾಯಿಗಳನ್ನು ತಯಾರು ಮಾಡುವ ಸೀಯಿಂಗ್ ಐ ಶಾಲೆ ಹುಟ್ಟಿತು.

ರಸ್ತೆ ದಾಟಿದ್ದು ಪತ್ರಿಕೆಗೆ ಸುದ್ದಿ. ತೊಡಕು ಇದ್ದದ್ದು ಅದಾದ ಮೇಲೆ. ರೈಲಿನವರು ನಾಯಿಯನ್ನು ಸಾಮಾನಿನ ಡಬ್ಬಿಗೆ ಹಾಕು ಅನ್ನುತ್ತಿದ್ದರು. ಹೋಟೆಲಿನವರು ಬಾಗಿಲಲ್ಲೇ ತಡೆಯುತ್ತಿದ್ದರು. ನಾಯಿ ಇಲ್ಲದೆ ಆತ ಒಳಗೆ ಹೋಗಿ ಮಾಡುವುದಾದರೂ ಏನು? ಫ್ರಾಂಕ್ ಊರೂರು ತಿರುಗಿ ವಾದ ಮಾಡಿದ. ಆದರೆ ಅವನ ವಾದಕ್ಕಿಂತ ದೊಡ್ಡ ವಾದ ಸೀಟಿನ ಕೆಳಗೆ ಮುದುಡಿ ಮಲಗಿದ ಬಡ್ಡಿಯೇ ಆಗಿತ್ತು ಅಂತ ನನಗನ್ನಿಸುತ್ತದೆ. ಪಕ್ಕದ ಪ್ರಯಾಣಿಕನ ಬುತ್ತಿಗೆ ಬಾಯಿ ಹಾಕುವ ನಾಯಿಯಾಗಿದ್ದರೆ ಯಾವ ಕಂಪನಿ ಒಪ್ಪುತ್ತಿತ್ತು? 1935ರ ಹೊತ್ತಿಗೆ ಅಲ್ಲಿನ ರೈಲು ಕಂಪನಿಗಳು ಇಂಥ ನಾಯಿ ಒಡೆಯನ ಜೊತೆಗೇ ಇರಬಹುದು ಎಂದು ನಿಯಮ ಮಾಡಿದವು. ಬಡ್ಡಿ 1938ರಲ್ಲಿ ತೀರಿಕೊಂಡಿತು.

ಅದೇ ಕಾಲದಲ್ಲಿ, 1933ರಲ್ಲಿ, ಹೆಲೆನ್ ವಾಕರ್ ಎಂಬ ಹೆಣ್ಣುಮಗಳು ನ್ಯೂಯಾರ್ಕ್ ರಾಜ್ಯದ ಮೌಂಟ್ ಕಿಸ್ಕೋದಲ್ಲಿ ನಾಯಿಗಳ ವಿಧೇಯತೆಯ ಸ್ಪರ್ಧೆ ನಡೆಸಿದರು. ಬಂದದ್ದು 8 ನಾಯಿ. ಈ ಬಗೆಯ ಸ್ಪರ್ಧೆಗಳಲ್ಲಿ ಒಡೆಯ ದೂರ ಹೋದರೂ ನಾಯಿ ಹಾಗೇ ಮಲಗಿರಬೇಕು ಅನ್ನುವುದೂ ಒಂದು ಪರೀಕ್ಷೆ. ಅಲ್ಲಿಂದ ಈ ವಿದ್ಯೆ ಪೊಲೀಸರ ಕೈಯಿಂದ ಮನೆಯ ಹೆಂಗಸರ, ಮಕ್ಕಳ ಕೈಗೂ ಬಂತು.

ಪಶುವೈದ್ಯೆ ಕ್ಯಾರೆನ್ ಓವರಾಲ್ 1997ರ ತಮ್ಮ ಪುಸ್ತಕದಲ್ಲಿ ಕೊಟ್ಟ 15 ದಿನದ ಪಾಠ ಈಗ ಲೋಕವೆಲ್ಲ ಹಬ್ಬಿದೆ. ಅದರಲ್ಲಿ ಛಡಿ ಇಲ್ಲ. ಮೊದಲ ದಿನ ನಾಯಿ 5 ಸೆಕೆಂಡು ಸುಮ್ಮನಿದ್ದರೆ ಒಂದು ತುತ್ತು, ಆಮೇಲೆ 10 ಸೆಕೆಂಡು. ನೀವು ಒಂದು ಹೆಜ್ಜೆ ಹಿಂದೆ ಹೋಗಿ ಬರುವುದು, ಚಪ್ಪಾಳೆ ತಟ್ಟುವುದು, ಕೋಣೆಯಿಂದ ಹೊರಗೆ ಹೋಗುವುದು, ಬಾಗಿಲು ಬಡಿಯುವುದು, ಯಾರೋ ಬಂದಂತೆ ಮಾತಾಡುವುದು. ಎದ್ದರೆ ಬೈಯಬೇಕಿಲ್ಲ, ಹಿಂದಿನ ಸುಲಭದ ಪಾಠಕ್ಕೆ ಮರಳಬೇಕು.

ನಮ್ಮ ಮನೆಗಳಲ್ಲಿ ಇದಕ್ಕೆ ಒಂದು ಹಳೆಯ ಗೋಣಿಚೀಲ ಸಾಕು. ಜಗುಲಿಯ ಒಂದು ಮೂಲೆಯಲ್ಲಿ, ಜನ ದಾಟಿ ಓಡಾಡದ ಕಡೆ ಹಾಸಿ. ನಾಯಿ ತಾನಾಗಿ ಅದರ ಮೇಲೆ ಕಾಲಿಟ್ಟಾಗ ಒಣರೊಟ್ಟಿಯ ಚೂರನ್ನು ಚೀಲದ ಮೇಲೇ ಇಡಿ, ಕೈಯಿಂದ ತಿನ್ನಿಸಬೇಡಿ. ಕೈ ನೋಡುವ ನಾಯಿ ಕೈಯ ಹಿಂದೆ ಎದ್ದು ಬರುತ್ತದೆ. ಮಲಗಿ ಸೊಂಟ ಒಂದು ಕಡೆ ವಾಲಿಸಿ ತಲೆ ಕೆಳಗಿಟ್ಟಾಗ ಇನ್ನೊಂದು ಚೂರು. ಚೀಲದ ಮೇಲಿರುವಾಗ ಮಕ್ಕಳು ಅದರ ಬಾಲ, ಕಿವಿ ಮುಟ್ಟಕೂಡದು, ಇದನ್ನು ಮನೆಯವರಿಗೆಲ್ಲ ಹೇಳಿಡಿ. ಬೆಳಿಗ್ಗೆ ಹಾಲಿನವರ ಬೈಕು ಬರುವ ಹೊತ್ತು ಕೊನೆಯ ಪಾಠಕ್ಕಿರಲಿ, ಅದರಿಂದಲೇ ಶುರು ಮಾಡಬೇಡಿ. ಕಲಿತ ಮೇಲೆ ಅದೇ ಚೀಲವನ್ನು ಮಡಚಿ ಹೊಲಕ್ಕೂ ಒಯ್ಯಬಹುದು, ಬೇವಿನ ಮರದ ಬುಡದಲ್ಲಿ ಹಾಸಿದರೆ ಅಲ್ಲೂ ಮಲಗುತ್ತದೆ.