ಕಾಳಿ (ಆತಕೂರು ಶಾಸನದ ನಾಯಿ)

ರಾಷ್ಟ್ರಕೂಟ ಸಾಮ್ರಾಜ್ಯದ ಅರಸ ಮೂರನೆಯ ಕೃಷ್ಣನ ಬಳಿಯಿದ್ದು, ಅನಂತರ ಮಣಲೆರನೆಂಬ ಯೋಧನ ಪಾಲಾದ ಬೇಟೆನಾಯಿ. ಕ್ರಿ.ಶ. 949ರ ತಕ್ಕೋಲದ ಕದನದಲ್ಲಿ ಚೋಳ ರಾಜಾದಿತ್ಯನು ಹತನಾದ ಬಳಿಕ, ಗಂಗ ಅರಸ ಇಮ್ಮಡಿ ಬೂತುಗನ ಕಡೆಯ ಮಣಲೆರನ ಪರಾಕ್ರಮಕ್ಕೆ ಮೆಚ್ಚಿದ ಕೃಷ್ಣನು ಬೇಕಾದುದನ್ನು ಬೇಡೆಂದಾಗ, ಆತನು ಭೂಮಿಯನ್ನಾಗಲಿ ಹೊನ್ನನ್ನಾಗಲಿ ಕೇಳದೆ ಈ ನಾಯಿಯನ್ನೇ ಕೇಳಿ ಪಡೆದನು. ಯೋಧನೊಬ್ಬನು ನಾಯಿಯ ಮೇಲಿಟ್ಟ ಮಮತೆಗೆ ಇದಕ್ಕಿಂತ ಸ್ಪಷ್ಟವಾದ ಪ್ರಾಚೀನ ಸಾಕ್ಷ್ಯ ಕನ್ನಡದಲ್ಲಿ ವಿರಳ. ಮುಂದೆ ಬೆಳತೂರಿನ ಬೆಟ್ಟದಲ್ಲಿ ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ಕಾಳಿಯೂ ಹಂದಿಯೂ ಪರಸ್ಪರ ಹೋರಾಡಿ ಮಡಿದವು. ಅದರ ನೆನಪಿಗೆ ಆತಕೂರಿನ (ಇಂದಿನ ಮಂಡ್ಯ ಜಿಲ್ಲೆ) ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಹಿರಿಯ ಕೆರೆಯ ಕೆಳಗೆ ಎರಡು ಕಂಡುಗ, ಅಂದರೆ ಅಷ್ಟು ಬೀಜ ಬಿತ್ತಬಹುದಾದ ಭೂಮಿಯನ್ನು ದತ್ತಿ ಬಿಡಲಾಯಿತು; ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ, ಎಂದರೆ ಶೈವ ಪೂಜಾರಿಗೆ, ನಾಯಿಯ ಪಾಪ ತಟ್ಟುವುದೆಂದೂ ಶಾಸನ ವಿಧಿಸುತ್ತದೆ. ನಾಯಿ-ಹಂದಿಗಳ ಕಾಳಗದ ಉಬ್ಬುಶಿಲ್ಪವುಳ್ಳ ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಕಾಳಿ ಸೇನೆಯ ನಾಯಿಯಲ್ಲ. ಆದರೂ ಇಂದಿನ ಸೇನಾ ಶ್ವಾನವನ್ನು ಅದರ ನಿರ್ವಾಹಕನು, ಅಂದರೆ ಅದಕ್ಕೆ ಆಹಾರವಿತ್ತು, ಮೈ ಉಜ್ಜಿ, ಆಜ್ಞೆ ಕಲಿಸಿ, ಕರ್ತವ್ಯದಲ್ಲಿ ಜೊತೆಗಿರುವ ಸೈನಿಕನು, ಕಾಣುವ ಬಗೆಯನ್ನು ತಿಳಿಯಲು ಈ ಶಾಸನ ನೆರವಾಗುತ್ತದೆ. ಅಂತಹ ಸೇನಾ ಶ್ವಾನಗಳಾಗಲು ಕರ್ನಾಟಕದ ಮುಧೋಳ ನಾಯಿಗಳೂ 2016ರಲ್ಲಿ ಮೀರತ್‌ನ ಸೇನಾ ಪಶುವೈದ್ಯ ಕೇಂದ್ರದಲ್ಲಿ ತರಬೇತಿಗೆ ಸೇರಿದವು.