ಗೋಪಾಲಸ್ವಾಮಿ ಬೆಟ್ಟಕ್ಕೆ ಹಿಂಬದಿಯ ದಾರಿ

ಗುಂಡ್ಲುಪೇಟೆಯಿಂದ ಊಟಿ ರಸ್ತೆ ಹಿಡಿದು ಹಂಗಳಕ್ಕೆ ಬಂದು ಬಲಕ್ಕೆ ತಿರುಗಿದರೆ ಎದುರಿಗೇ ಬೆಟ್ಟ. ಬುಡದಲ್ಲಿ ಅರಣ್ಯ ಇಲಾಖೆಯ ಗೇಟು. ಸ್ವಂತ ಗಾಡಿ ಅಲ್ಲಿಗೇ ನಿಲ್ಲಬೇಕು. ಮುಂದಕ್ಕೆ ಕೆಎಸ್‌ಆರ್‌ಟಿಸಿ ಬಸ್ಸು. ನಡೆದು ಹತ್ತುತ್ತೇನೆ ಅಂದರೆ ಬಿಡುವುದಿಲ್ಲ. ನಾನು ಪೇಪರಿಗೆ ಸುದ್ದಿ ಬರೆಯುವವನು ಅಂತ ಗೊತ್ತಿರುವ ಹುಡುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: "ಅಣ್ಣ, ಹಿಂದ್ಗಡಿಂದ ಒಬ್ನೇ ಹತ್ಬುಟ್ರ ಯಾನಾದ್ದು?"

ಕೇಳುವವರ ಕೈಯಲ್ಲಿ ಮೊಬೈಲು ಇರುತ್ತದೆ, ಮ್ಯಾಪ್ ಇರುತ್ತದೆ. ಮ್ಯಾಪಿನಲ್ಲಿ ಬೆಟ್ಟದ ಹಿಂಬದಿ ಬರೀ ಹಸಿರು. ಯಾರೂ ಹೋಗದ ದಾರಿಯಲ್ಲಿ ತಾನೊಬ್ಬನೇ ಹೋಗಿ ಬಂದೆ ಅಂತ ವಿಡಿಯೊ ಹಾಕುವ ಆಸೆ. ತಪ್ಪೇನಲ್ಲ ಆ ಆಸೆ, ವಯಸ್ಸಿನದು. ಆದರೆ 'ಯಾರೂ ಹೋಗದ ದಾರಿ' ಅನ್ನುವ ಮಾತಿದೆಯಲ್ಲ, ಅದು ಈ ಬೆಟ್ಟದ ಚರಿತ್ರೆ ನೋಡಿದರೆ ನಿಲ್ಲುವುದಿಲ್ಲ. ಇಲ್ಲಿ ಹೊಸ ದಾರಿ ಎಂಬುದು ಯಾವಾಗಲೂ ಇನ್ಯಾರದೋ ದಿನನಿತ್ಯದ ದಾರಿಯೇ ಆಗಿತ್ತು.

ಬೆಟ್ಟದ ಎತ್ತರ ಸಮುದ್ರಮಟ್ಟದಿಂದ 1454 ಮೀಟರ್. ವರ್ಷದ ಬಹುಕಾಲ ತಲೆ ಮೇಲೆ ಮಂಜು, ಅದಕ್ಕೇ ಹಿಮವದ್ ಗೋಪಾಲಸ್ವಾಮಿ. ಹಳೆಯ ಹೆಸರು ಗೋವರ್ಧನಗಿರಿ. ದ್ವಾರಸಮುದ್ರದಲ್ಲಿ ಹೊಯ್ಸಳ ಮೂರನೇ ಬಲ್ಲಾಳ ಆಳುತ್ತಿದ್ದ ಕಾಲದಲ್ಲಿ ನಮ್ಮ ಈ ಸೀಮೆಯನ್ನು ನೋಡಿಕೊಳ್ಳುತ್ತಿದ್ದವರು ತೆರಕಣಾಂಬಿಯ ದಣ್ಣಾಯಕರು. ಪೆರುಮಾಳೆ ದಣ್ಣಾಯಕನ ಮಗ ಮಾಧವ ದಣ್ಣಾಯಕ 1315ರಲ್ಲಿ ಬೆಟ್ಟದ ಮೇಲೆ ಗೋಪಾಲನ ದೇವಸ್ಥಾನ ಮಾಡಿಸಿದ. ಅದಕ್ಕೆ ನಾಲ್ಕು ವರ್ಷ ಹಿಂದೆ, 1311ರಲ್ಲಿ, ಮಲಿಕ್ ಕಾಫೂರನ ಸೈನ್ಯ ದ್ವಾರಸಮುದ್ರಕ್ಕೇ ಬಂದು ಹೋಗಿತ್ತು. ರಾಜಧಾನಿಗೇ ಭದ್ರತೆ ಇಲ್ಲದಿದ್ದಾಗ ಗಡಿಯ ದಣ್ಣಾಯಕರಿಗೆ ಎತ್ತರದ ಜಾಗ ಯಾಕೆ ಬೇಕಿತ್ತು ಅಂತ ಬಿಡಿಸಿ ಹೇಳಬೇಕಿಲ್ಲ. ದೇವರ ಸುತ್ತ ಕೋಟೆಯೂ ಎದ್ದಿತು. ಅದಕ್ಕೆ ಬೆಟ್ಟದಕೋಟೆ ಅಂತ ಹೆಸರು. ದಣ್ಣಾಯಕರ ಇನ್ನೊಂದು ಕೋಟೆ ಘಟ್ಟದ ಕೆಳಗೆ, ಸತ್ಯಮಂಗಲದ ಕಡೆ ಇತ್ತು. ದಣ್ಣಾಯಕನಕೋಟೆ ಅದು. 1950ರ ದಶಕದಲ್ಲಿ ಭವಾನಿಸಾಗರ ಅಣೆಕಟ್ಟು ಕಟ್ಟಿದಾಗ ಮುಳುಗಿಹೋಯಿತು. ನೀರು ತೀರಾ ಇಳಿದ ವರ್ಷ ಅಲ್ಲಿನ ಹಳೇ ದೇವಸ್ಥಾನ ಹೊರಗೆ ಕಾಣಿಸುತ್ತದೆ.

ಬೆಟ್ಟದಕೋಟೆಯ ಬಗ್ಗೆ ಒಂದು ಐತಿಹ್ಯ ಇದೆ, ಮೈಸೂರು ಗೆಜೆಟಿಯರ್‌ನಲ್ಲೂ ದಾಖಲಾಗಿದೆ. ಒಂಬತ್ತು ಜನ ದಣ್ಣಾಯಕರು, ನವ ದಣ್ಣಾಯಕರು ಅಂತಲೇ ಹೆಸರು. ಅವರಲ್ಲಿ ಒಡಕು ಬಿತ್ತು. ಒಂದು ಕಡೆಯವರು ಬೆಟ್ಟ ಹಿಡಿದು ಕೂತರು, ಇನ್ನೊಂದು ಕಡೆಯವರು ಕೆಳಗೆ ಮುತ್ತಿಗೆ ಹಾಕಿದರು. ಮೂರು ವರ್ಷ. ಮೂರು ವರ್ಷವಾದರೂ ಬೆಟ್ಟ ಬಗ್ಗಲಿಲ್ಲ. ಮೇಲೆ ಹಂಸತೀರ್ಥ ಮೊದಲಾದ ಕೊಳಗಳಿವೆ, ನೀರಿಗೆ ಬರ ಇರಲಿಲ್ಲ. ಕಾಗೆ ಮುಳುಗಿ ಹಂಸವಾಗಿ ಎದ್ದಿತು, ಆಮೇಲಿಂದ ಬೆಟ್ಟದಲ್ಲಿ ಕಾಗೆಯೇ ಇಲ್ಲ ಅಂತ ನಮ್ಮ ಅಜ್ಜಿಯರು ಹೇಳುವುದು ಇದೇ ಕೊಳದ ಕಥೆ. ಕೊನೆಗೆ ಕೋಟೆ ಬಿದ್ದದ್ದು ಏಣಿಯಿಂದಲೂ ಅಲ್ಲ, ಮದ್ದುಗುಂಡಿನಿಂದಲೂ ಅಲ್ಲ. ಒಳಗಿನವರ ದ್ರೋಹದಿಂದ.

ಆಗ ಮಂಚ ದಣ್ಣಾಯಕ ಶತ್ರುವಿನ ಕೈಗೆ ಸಿಗಬಾರದು ಅಂತ ಕುದುರೆ ಸಮೇತ ಕೋಟೆಯಿಂದ ಕೆಳಕ್ಕೆ ಹಾರಿ ಸತ್ತ ಅನ್ನುತ್ತದೆ ಕಥೆ. ಬೆಟ್ಟದಿಂದ ಒಂಟಿಯಾಗಿ, ದಾರಿಯಲ್ಲದ ಕಡೆ ಹೋದ ಮೊದಲ ಹೆಸರು ಅದು. ಹತ್ತಲಿಲ್ಲ, ಇಳಿದ. ಇದು ನಡೆದದ್ದೇ ಅಂತ ಯಾರೂ ಸಾಕ್ಷಿ ಹೇಳಲಾರರು. ನನಗೆ ಈ ಕಥೆಯಲ್ಲಿ ಮುಖ್ಯ ಅನ್ನಿಸುವುದು ಕುದುರೆಯ ಹಾರಾಟ ಅಲ್ಲ, ಅದರ ಹಿಂದಿನ ಭಾಗ. ಮೂರು ವರ್ಷ ಸುತ್ತ ಕಾದ ಪಡೆಗೆ ಸಿಗದ ದಾರಿ, ಒಳಗಿನ ಜನಕ್ಕೆ ಗೊತ್ತಿತ್ತು. ಗೊತ್ತಿದ್ದವರು ಬಾಯಿ ಬಿಟ್ಟ ದಿನ ಬೆಟ್ಟ ಹೋಯಿತು.

ಇದೇ ಮಾತು ಚಿತ್ರದುರ್ಗದಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ಓಬವ್ವನ ಕಥೆ ನಮ್ಮ ಮಕ್ಕಳಿಗೆಲ್ಲ ಬಾಯಿಪಾಠ. 18ನೇ ಶತಮಾನ, ಮದಕರಿ ನಾಯಕನ ಕಾಲ, ಹೈದರಾಲಿಯ ಮುತ್ತಿಗೆ. ಕಾವಲಿನ ಗಂಡ ಊಟಕ್ಕೆ ಕೂತಿದ್ದ, ಹೆಂಡತಿ ನೀರು ತರಲು ಹೋದಳು, ಬಂಡೆ ಕಿಂಡಿಯಲ್ಲಿ ಒಬ್ಬೊಬ್ಬನೇ ನುಸುಳಿ ಬರುವ ಸೈನಿಕರನ್ನು ಒನಕೆಯಿಂದ ಬಡಿದಳು. ಕಥೆಯ ಆ ಭಾಗ ಎಲ್ಲರೂ ಹೇಳುತ್ತಾರೆ. ಆ ಕಿಂಡಿ ಹೈದರನ ಕಡೆಯವರಿಗೆ ಗೊತ್ತಾದದ್ದು ಹೇಗೆ ಅನ್ನುವ ಭಾಗ ಎಷ್ಟೋ ಸಲ ಬಿಟ್ಟುಹೋಗುತ್ತದೆ. ಮಜ್ಜಿಗೆಯೋ ಮೊಸರೋ ಮಾರುವ ಒಬ್ಬ ಹೆಂಗಸು ಅದರೊಳಗಿಂದ ಬಂದು ಹೋಗುವುದನ್ನು ಅವರು ನೋಡಿದರು ಅಂತ ಜನ ಹೇಳುತ್ತಾರೆ. ಸೈನ್ಯಕ್ಕೆ ಅದು ಗುಟ್ಟಿನ ದಾರಿ. ಆಕೆಗೆ ಅದು ವ್ಯಾಪಾರಕ್ಕೆ ಹೋಗುವ ದಾರಿ.

ಅದೇ ಕೋಟೆಯ ಗೋಡೆಗಳನ್ನು ನಮ್ಮ ಕಾಲದಲ್ಲಿ ಹಗ್ಗವಿಲ್ಲದೆ ಹತ್ತಿ ಹೆಸರಾದವರು ಜ್ಯೋತಿರಾಜ್. ಕೋತಿರಾಜ್ ಅಂದರೇ ಜನಕ್ಕೆ ಗೊತ್ತು. ತಮಿಳುನಾಡಿನಿಂದ ಬಂದು ದುರ್ಗದವರೇ ಆದವರು. ಕೋತಿಗಳು ಬಂಡೆ ಹತ್ತುವುದನ್ನು ನೋಡಿ ಕಲಿತೆ ಎಂದು ಅವರೇ ಹೇಳಿಕೊಂಡಿದ್ದಾರೆ. ಅವರ ವಿಡಿಯೊ ನೋಡಿ ಮೈ ಜುಮ್ಮೆನ್ನುವುದು ನಿಜ. ಆದರೆ ಆ ಒಂದು ನಿಮಿಷದ ಹಿಂದೆ ಅದೇ ಗೋಡೆ, ಅದೇ ಕಲ್ಲಿನ ಸಂದಿನಲ್ಲಿ ವರ್ಷಗಟ್ಟಲೆ ಕೈ ಇಟ್ಟ ಅಭ್ಯಾಸ ಇದೆ. ಅಂಥವರೇ 2018ರಲ್ಲಿ ಜೋಗದ ಕಣಿವೆಗೆ, ಕಾಣೆಯಾದ ಒಬ್ಬರನ್ನು ಹುಡುಕಲು ಇಳಿದಾಗ ರಾತ್ರಿಯೆಲ್ಲ ಪತ್ತೆ ಇರಲಿಲ್ಲ. ಮಾರನೇ ದಿನ ಸಿಕ್ಕರು.

ಮತ್ತೆ ನಮ್ಮ ಕಾಡಿಗೆ ಬರೋಣ. ಇಲ್ಲಿ ಬಂಡೆ ಹತ್ತಿ ಇಳಿಯುವುದನ್ನು ಕಸುಬು ಮಾಡಿಕೊಂಡವರು ಕೋಟೆಯ ಜನರಲ್ಲ, ಜೇನು ಕೊಯ್ಯುವವರು. ಸೋಲಿಗರು, ಜೇನುಕುರುಬರು, ನೀಲಗಿರಿ ಕಡೆಯ ಕುರುಂಬರು. ಹೆಜ್ಜೇನು ಗೂಡು ಕಟ್ಟುವುದು ಎತ್ತರದ ಮರದಲ್ಲಿ, ಇಲ್ಲವೇ ಬಂಡೆಯ ಚಾಚಿನ ಕೆಳಗೆ, ಯಾರ ಕೈಗೂ ಎಟುಕದ ಕಡೆ. ಕತ್ತಲಾದ ಮೇಲೆ, ಬಳ್ಳಿ ಹೊಸೆದ ಏಣಿಯಲ್ಲಿ, ಹೊಗೆ ಹಾಕಿಕೊಂಡು ಒಬ್ಬ ಇಳಿಯುತ್ತಾನೆ. ನೋಡುವವರಿಗೆ ಒಂಟಿ ಸಾಹಸ. ಆದರೆ ಮೇಲೆ ಹಗ್ಗದ ಹತ್ತಿರ ಇನ್ನೊಬ್ಬ ಇರುತ್ತಾನೆ. ನೀಲಗಿರಿಯ ಕುರುಂಬರಲ್ಲಿ ಆ ಇನ್ನೊಬ್ಬ ಯಾರು ಅನ್ನುವುದಕ್ಕೆ ಕಟ್ಟುಪಾಡೇ ಇದೆ: ಇಳಿದವನ ಹೆಂಡತಿಯ ಅಣ್ಣನೋ ತಮ್ಮನೋ ಆಗಬೇಕು. ಹಗ್ಗ ಸಡಿಲ ಬಿಟ್ಟರೆ ವಿಧವೆ ಆಗುವವಳು ಅವನ ಸ್ವಂತ ಅಕ್ಕತಂಗಿ. ನನಗೆ ಗೊತ್ತಿರುವ ಯಾವ ಇನ್ಶೂರೆನ್ಸೂ ಇಷ್ಟು ಗಟ್ಟಿಯಲ್ಲ.

ಹೀಗೆ ಕಾಡಿನೊಳಗೆ ದನ ಮೇಯಿಸುವವರ ದಾರಿ, ಜೇನಿನವರ ದಾರಿ, ಹಾಡಿಯಿಂದ ಹಾಡಿಗೆ ಹೆಣ್ಣು ಕೊಟ್ಟು ತಂದವರ ದಾರಿ, ಹರಕೆ ಹೊತ್ತವರ ದಾರಿ ಇದ್ದವು. ಇವು ಬಂದ್ ಆಗುತ್ತಾ ಹೋದದ್ದು ಹೇಗೆ?

ಹಂಗಳ ಆಗ ಮೈಸೂರಿಗೆ ದೂರದ ಮೂಲೆ. ಎಷ್ಟು ಮೂಲೆ ಅಂದರೆ, 17ನೇ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರು ಆಳುವಾಗ, ಮುಂದೆ ರಾಜನಾಗಲಿದ್ದ ಚಿಕ್ಕದೇವರಾಜನನ್ನು ಇಟ್ಟಿದ್ದು ಇದೇ ಹಂಗಳದಲ್ಲಿ, ಹೆಚ್ಚುಕಡಿಮೆ ಸೆರೆಯ ಹಾಗೆ. 1673ರಲ್ಲಿ ಪಟ್ಟಕ್ಕೆ ಬಂದ ಆ ರಾಜ ಯೌವನದಲ್ಲಿ ದಿನಾ ಬೆಳಗಾದರೆ ನೋಡುತ್ತಿದ್ದದ್ದು ಇದೇ ಬೆಟ್ಟ. ಹಂಗಳದವರು ಇದನ್ನು ಊರ ಬೋರ್ಡಿನಲ್ಲಿ ಬರೆಸಬೇಕಿತ್ತು, ಯಾಕೋ ಬರೆಸಿಲ್ಲ. ಒಡೆಯರ ಮನೆತನಕ್ಕೆ ಬೆಟ್ಟದ ದೇವರ ಮೇಲಿನ ಭಕ್ತಿ ಕೊನೆಯವರೆಗೂ ಉಳಿಯಿತು. 1931ರಲ್ಲಿ ಮಹಾರಾಜರು ಬಂಡೀಪುರದಲ್ಲಿ ಸುಮಾರು 90 ಚದರ ಕಿಲೋಮೀಟರ್ ಕಾಡನ್ನು ಪ್ರಾಣಿಗಳಿಗೆಂದು ಕಾಯ್ದಿಟ್ಟರು. 1941ರಲ್ಲಿ ಅದು 800 ಚದರ ಕಿಲೋಮೀಟರ್‌ಗೆ ಬೆಳೆದಾಗ ಬೆಟ್ಟದ ದೇವರ ಹೆಸರನ್ನೇ ಇಟ್ಟರು: ವೇಣುಗೋಪಾಲ ವನ್ಯಜೀವಿ ಉದ್ಯಾನ. 1973ರಲ್ಲಿ ದೇಶದ ಮೊದಲ ಹುಲಿ ಯೋಜನೆಯ ಕಾಡುಗಳಲ್ಲಿ ಬಂಡೀಪುರವೂ ಸೇರಿತು.

ದೇವರು ಕಾಡಿಗೆ ಹೆಸರು ಕೊಟ್ಟ. ಕಾಡು ದೇವರಿಗೆ ಇದ್ದ ದಾರಿಗಳನ್ನೆಲ್ಲ ಒಂದಕ್ಕೆ ಇಳಿಸಿತು.

ಇದನ್ನು ಬರೀ ದೂರಿನ ಹಾಗೆ ಬರೆಯಲು ಮನಸ್ಸು ಬರುವುದಿಲ್ಲ. ಹುಲಿ ಉಳಿದಿದ್ದರೆ, ಆನೆ ಉಳಿದಿದ್ದರೆ ಇದೇ ಕಾರಣ. ಬೆಟ್ಟದ ಮೇಲೆ ದೇವಸ್ಥಾನದ ಹತ್ತಿರವೇ ಆನೆ ಬಂದು ನಿಲ್ಲುವ ವಿಡಿಯೊ ನೀವೂ ನೋಡಿರುತ್ತೀರಿ. ಆದರೆ ಲೆಕ್ಕದಲ್ಲಿ ಒಂದು ಬಾಕಿ ಇದೆ. ಹಾಡಿಯ ಜನ ಕಾಡಂಚಿಗೆ ಬಂದರು, ಅವರ ಜೊತೆ ದಾರಿಗಳ ತಿಳಿವಳಿಕೆಯೂ ಬಂತು, ಮಕ್ಕಳಿಗೆ ದಾಟಲಿಲ್ಲ. ಪಕ್ಕದ ಬಿಳಿಗಿರಿರಂಗನ ಬೆಟ್ಟದಲ್ಲಿ 2011ರಲ್ಲಿ ಸೋಲಿಗರ ಸಮುದಾಯ ಅರಣ್ಯ ಹಕ್ಕಿಗೆ ಮಾನ್ಯತೆ ಸಿಕ್ಕಿತು. ಜೇನು, ನೆಲ್ಲಿಕಾಯಿ, ದೇವರ ಜಾಗ, ಅವುಗಳಿಗೆ ಹೋಗುವ ದಾರಿ ಸರ್ಕಾರದ ಕಾಗದದ ಮೇಲೆ ಬಂದವು. ಅಲ್ಲಿ ಸೋಲಿಗರು ಹಿರಿಯರ ನೆನಪಿನಿಂದ ತಮ್ಮ ಜಾಗಗಳ ನಕ್ಷೆಯನ್ನೂ ಮಾಡಿಸಿದ್ದಾರೆ. ಗೋಪಾಲಸ್ವಾಮಿ ಬೆಟ್ಟಕ್ಕೂ ಅಂಥದ್ದೊಂದು ನಕ್ಷೆ ಆಗಬೇಕು, ಹಿರಿಯರು ಇರುವಾಗಲೇ.

ಈಗ ಹುಡುಗರ ಪ್ರಶ್ನೆ. ಹತ್ತಿದರೆ ಏನಾಗುತ್ತದೆ?

ಮೊದಲು ಬೆಂಕಿ. 2019ರ ಫೆಬ್ರುವರಿ ನೆನಪಿರಬೇಕು. ಬಂಡೀಪುರ ಹೊತ್ತಿಕೊಂಡಾಗ ಗೋಪಾಲಸ್ವಾಮಿ ಬೆಟ್ಟದ ಸಾಲೂ ಉರಿಯಿತು, ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಸುರಿದವು. ಬೆಟ್ಟದ ಹುಲ್ಲು ಬೇಸಿಗೆಯಲ್ಲಿ ಮೊಣಕಾಲಿನಿಂದ ಸೊಂಟದವರೆಗೆ ಒಣಗಿ ನಿಂತಿರುತ್ತದೆ. ಬೆಂಕಿ ಇಳಿಜಾರಿನಲ್ಲಿ ಮೇಲಕ್ಕೆ ಓಡುತ್ತದೆ, ಮನುಷ್ಯನಿಗಿಂತ ಬೇಗ. ಅದಕ್ಕೆ ಒಂದು ವರ್ಷ ಮೊದಲು, 2018ರ ಮಾರ್ಚ್ 11ರಂದು, ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿಯಲ್ಲಿ ಅನುಮತಿ ಇಲ್ಲದ ದಾರಿಯಲ್ಲಿ ಚಾರಣಕ್ಕೆ ಹೋದ ತಂಡ ಇಂಥದೇ ಬೆಂಕಿಗೆ ಸಿಕ್ಕಿತು. 20ಕ್ಕೂ ಹೆಚ್ಚು ಜನ ಸತ್ತರು. ಅವರು ಒಬ್ಬೊಬ್ಬರೇ ಹೋದವರೂ ಅಲ್ಲ, ಗುಂಪಿನಲ್ಲಿದ್ದರು.

ಆಮೇಲೆ ಬಂಡೆ. 2022ರ ಫೆಬ್ರುವರಿ 20ರಂದು ನಂದಿಬೆಟ್ಟದ ಪಕ್ಕದ ಬ್ರಹ್ಮಗಿರಿಗೆ ಒಬ್ಬನೇ ಹತ್ತಲು ಹೋದ 19 ವರ್ಷದ ವಿದ್ಯಾರ್ಥಿ ಸುಮಾರು 300 ಅಡಿ ಜಾರಿ ಒಂದು ಚಾಚಿನಲ್ಲಿ ಸಿಕ್ಕಿಬಿದ್ದ. ಫೋನಿನಿಂದ ಇರುವ ಜಾಗ ತಿಳಿಸಿದ. ಕೆಳಗಿನಿಂದ ಹೋದವರಿಗೆ ತಲುಪಲು ಆಗಲಿಲ್ಲ, ಯಲಹಂಕದಿಂದ ವಾಯುಪಡೆಯ ಹೆಲಿಕಾಪ್ಟರ್ ಬಂದು ಎತ್ತಿತು. ಅದೇ ತಿಂಗಳು ಪಾಲಕ್ಕಾಡ್ ಜಿಲ್ಲೆಯ ಮಲಂಪುಳದಲ್ಲಿ ಇನ್ನೊಬ್ಬ ಯುವಕ ಬಂಡೆಯ ಸಂದಿನಲ್ಲಿ 40 ಗಂಟೆಗೂ ಹೆಚ್ಚು ಹೊತ್ತು ಕೂತಿದ್ದ, ಸೇನೆಯವರು ಇಳಿದು ತಂದರು. ನಂದಿಯ ಅದೇ ಬಂಡೆಗಳನ್ನು ನಂಬಿ ಟಿಪ್ಪುವಿನ ಕಡೆಯವರು 1791ರಲ್ಲಿ ಇಂಗ್ಲಿಷರ ಎದುರು ಮೂರು ವಾರ ನಿಂತಿದ್ದರು ಅನ್ನುವುದು ನೆನಪಾಗುತ್ತದೆ. ಮೇಲಿಂದ ಕಲ್ಲು ಉರುಳಿಸಿಯೇ ಎಷ್ಟೋ ಜನರನ್ನು ತಡೆದಿದ್ದರು. ಇಬ್ಬರು ಹುಡುಗರೂ ಬದುಕಿದ್ದು ಫೋನಿಗೆ ಸಿಗ್ನಲ್ ಇದ್ದದ್ದರಿಂದ, ನೋಡುವ ಕಡೆ ಬಯಲು ಇದ್ದದ್ದರಿಂದ. ನಮ್ಮ ಬೆಟ್ಟದ ಹಿಂಬದಿಯಲ್ಲಿ ಇವೆರಡನ್ನೂ ನಂಬಿ ಹೋಗುವ ಹಾಗಿಲ್ಲ. ಮಂಜು ಇಳಿದರೆ ಹತ್ತು ಮಾರು ಆಚೆ ನಿಂತ ಆನೆಯೇ ಕಾಣುವುದಿಲ್ಲ, ಹೆಲಿಕಾಪ್ಟರಿಗೆ ನೀವು ಎಲ್ಲಿ ಕಾಣುತ್ತೀರಿ?

ಕೊನೆಗೆ ಕಾನೂನು. ಇದು ರಾಷ್ಟ್ರೀಯ ಉದ್ಯಾನ. ಅನುಮತಿ ಇಲ್ಲದೆ ಕಾಲಿಟ್ಟರೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಕೇಸು. ಮೂರು ವರ್ಷದವರೆಗೆ ಜೈಲು, 2022ರ ತಿದ್ದುಪಡಿ ಆದ ಮೇಲೆ 1 ಲಕ್ಷ ರೂಪಾಯಿವರೆಗೆ ದಂಡ. ನೀವು ಹಾಕುವ ವಿಡಿಯೊವೇ ಸಾಕ್ಷಿ. ಇದು ಗೊತ್ತಿದ್ದೂ ಹೋಗುವವರಿಗೆ ಇನ್ನೊಂದು ವಿಷಯ ಗೊತ್ತಿರಲಿ. ನೀವು ಕಾಣೆಯಾದರೆ ರಾತ್ರಿ ಟಾರ್ಚ್ ಹಿಡಿದು ಹುಡುಕಲು ಬರುವುದು ದಿನಗೂಲಿಯ ವಾಚರ್‌ಗಳು, ಬಹುಪಾಲು ಅದೇ ಹಾಡಿಗಳ ಮಕ್ಕಳು. ಅವರ ತಾತಂದಿರಿಗೆ ಆ ದಾರಿ ಕಣ್ಣುಮುಚ್ಚಿ ನಡೆಯುವಷ್ಟು ಗೊತ್ತಿತ್ತು. ಅವರಿಗೆ ಒಂದಿಷ್ಟು ಗೊತ್ತಿದೆ. ಆನೆಗೆ ಪೂರ್ತಿ ಗೊತ್ತಿದೆ.

ನೋಡಬೇಕು ಅನ್ನುವವರಿಗೆ ಬಸ್ಸಿದೆ. ಬೆಳಿಗ್ಗೆ ಬೇಗ ಹೋಗಿ, ಮಧ್ಯಾಹ್ನದ ಮೇಲೆ ಜನ ಜಾಸ್ತಿ. ಮೇಲೆ ಹೋದವರು ಗುಡಿಯ ಮುಂದೆ ಸೆಲ್ಫಿ ತೆಗೆದು ಇಳಿದುಬಿಡಬೇಡಿ. ಬಿಡುವ ಜಾಗದವರೆಗೆ ನಡೆದು ಕೆಳಗಿನ ಇಳಿಜಾರು ನೋಡಿ. ಮಂಚ ದಣ್ಣಾಯಕ ಹಾರಿದ್ದು ಯಾವ ಕಡೆಯಿಂದ ಅಂತ ಅರ್ಚಕರನ್ನೋ ಬಸ್ಸಿನಲ್ಲಿ ಪಕ್ಕ ಕೂತ ಊರಿನ ಹಿರಿಯರನ್ನೋ ಕೇಳಿ. ಒಬ್ಬೊಬ್ಬರು ಒಂದೊಂದು ಕಡೆ ಕೈ ತೋರಿಸಬಹುದು, ಇರಲಿ. ಹಂಗಳ, ಗೋಪಾಲಪುರದ ಕಡೆಯವರಾದರೆ ಮನೆಯಲ್ಲಿ ಇನ್ನೊಂದು ಪ್ರಶ್ನೆಯೂ ಕೇಳಿ: ಬಸ್ಸು ಬರುವ ಮೊದಲು ಜಾತ್ರೆಗೆ ಯಾವ ಕಡೆಯಿಂದ ಹತ್ತುತ್ತಿದ್ದಿರಿ, ದಾರಿಯಲ್ಲಿ ಸಿಗುವ ಬಂಡೆಗೆ, ಹಳ್ಳಕ್ಕೆ, ಮರಕ್ಕೆ ಏನು ಹೆಸರಿತ್ತು? ಹೇಳಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ನಮಗೆ ಕಳಿಸಿ. ದಾರಿ ಎಲ್ಲೆಲ್ಲಿ ಹಾಯುತ್ತದೆ ಅನ್ನುವುದನ್ನು ನಾವು ಹಾಕುವುದಿಲ್ಲ, ಹೆಸರುಗಳನ್ನು ಮಾತ್ರ ಹಾಕುತ್ತೇವೆ.