ಕೆಂಪು ರಕ್ತಕಣಗಳ ಬೆಳವಣಿಗೆಯಲ್ಲಿ ಹಾರ್ಮೋನು ಗ್ರಾಹಕಗಳ ಪಾತ್ರ

ಮಾನವನ ಕೆಂಪು ರಕ್ತಕಣದ ಆಯುಷ್ಯವು ಸುಮಾರು 120 ದಿನಗಳಾಗಿರುತ್ತದೆ. ನಾಶ ಹೊಂದುವ ಕಣಗಳ ಸ್ಥಾನವನ್ನು ತುಂಬಲು ವಯಸ್ಕರ ಅಸ್ಥಿಮಜ್ಜೆಯು ಪ್ರತಿ ಸೆಕೆಂಡಿಗೆ ಸುಮಾರು 20 ಲಕ್ಷ ಹೊಸ ಕಣಗಳನ್ನು ಉತ್ಪಾದಿಸುತ್ತದೆ. ಇದಕ್ಕೆ ಕಬ್ಬಿಣಾಂಶ ಮೊದಲಾದ ಪೋಷಕಾಂಶಗಳಲ್ಲದೆ, ಎಳೆಯ ಕಣಗಳು ಯಾವಾಗ ವಿಭಜನೆ ಹೊಂದಬೇಕು, ಯಾವಾಗ ಪಕ್ವವಾಗಬೇಕು ಎಂಬ ಸೂಚನೆಯೂ ಅವಶ್ಯಕ. ಈ ಸೂಚನೆಯನ್ನು ಹಾರ್ಮೋನುಗಳು ತರುತ್ತವೆ. ಅದನ್ನು ಸ್ವೀಕರಿಸಿ ವಂಶವಾಹಿಗಳಿಗೆ ಮುಟ್ಟಿಸುವ ಪ್ರೋಟೀನುಗಳೇ ಗ್ರಾಹಕಗಳು. ಪಕ್ವವಾದ ಕೆಂಪು ಕಣದಲ್ಲಿ ಕೋಶಕೇಂದ್ರವಿರುವುದಿಲ್ಲವಾದ್ದರಿಂದ ಈ ನಿಯಂತ್ರಣವು ಎಳೆಯ ಹಂತದಲ್ಲಿಯೇ ನಡೆಯುತ್ತದೆ.

ಪ್ರಮುಖ ಗ್ರಾಹಕಗಳು

1. ಎರಿಥ್ರೋಪೊಯೆಟಿನ್ ಗ್ರಾಹಕ: ರಕ್ತದಲ್ಲಿ ಆಮ್ಲಜನಕ ಕಡಿಮೆಯಾದಾಗ ಮೂತ್ರಪಿಂಡಗಳು ಎರಿಥ್ರೋಪೊಯೆಟಿನ್ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸುತ್ತವೆ. ಇದರ ಗ್ರಾಹಕವು ಎಳೆಯ ಕಣದ ಹೊರಪೊರೆಯಲ್ಲಿದ್ದು, ಜಾಕ್-2 ಎಂಬ ಕಿಣ್ವದ ಮೂಲಕ ಸ್ಟ್ಯಾಟ್-5 ಎಂಬ ಪ್ರೋಟೀನನ್ನು ಚುರುಕುಗೊಳಿಸುತ್ತದೆ. ಸ್ಟ್ಯಾಟ್-5 ಕೋಶಕೇಂದ್ರವನ್ನು ಸೇರಿ, ಕಣವು ಅಕಾಲದಲ್ಲಿ ಸಾಯದಂತೆ ಕಾಪಾಡುವ ವಂಶವಾಹಿಗಳನ್ನು ಕ್ರಿಯಾಶೀಲಗೊಳಿಸುತ್ತದೆ.

2. ಗ್ಲುಕೊಕಾರ್ಟಿಕಾಯ್ಡ್ ಗ್ರಾಹಕ: ಅಡ್ರಿನಲ್ ಗ್ರಂಥಿಯ ಕಾರ್ಟಿಸಾಲ್ ಹಾರ್ಮೋನು ಕಣದೊಳಗೆ ಪ್ರವೇಶಿಸಿ ಈ ಗ್ರಾಹಕದೊಡನೆ ಕೂಡುತ್ತದೆ. ಬಳಿಕ ಗ್ರಾಹಕವು ಕೋಶಕೇಂದ್ರದಲ್ಲಿ ಡಿ.ಎನ್.ಎ.ಗೆ ಅಂಟಿಕೊಳ್ಳುತ್ತದೆ. ಕೆಂಪು ಕಣಗಳ ಬೇಡಿಕೆ ದಿಢೀರನೆ ಹೆಚ್ಚಿದಾಗ ಇದು ಪಕ್ವತೆಯನ್ನು ಮುಂದೂಡಿ, ಎಳೆಯ ಕಣಗಳು ಇನ್ನಷ್ಟು ವಿಭಜನೆ ಹೊಂದಲು ಅವಕಾಶ ಕಲ್ಪಿಸುತ್ತದೆ.

3. ಥೈರಾಯ್ಡ್ ಹಾರ್ಮೋನು ಗ್ರಾಹಕ: ಇದು ಹಾರ್ಮೋನು ಇಲ್ಲದಿರುವಾಗಲೂ ಡಿ.ಎನ್.ಎ. ಮೇಲಿದ್ದು ಕೆಲವು ವಂಶವಾಹಿಗಳನ್ನು ತಡೆಹಿಡಿದಿರುತ್ತದೆ. ಹಾರ್ಮೋನು ಸೇರಿದೊಡನೆ ತಡೆ ತೆರವಾಗಿ ಕಣವು ಪಕ್ವತೆಯತ್ತ ಸಾಗುತ್ತದೆ. ಕೋಳಿಗಳಲ್ಲಿ ರಕ್ತದ ಕ್ಯಾನ್ಸರ್ ಉಂಟುಮಾಡುವ ವೈರಸ್ ಒಂದು ಈ ಗ್ರಾಹಕದ ವಿಕೃತ ರೂಪವನ್ನು ಹೊತ್ತಿದೆ ಎಂಬುದು 1986ರಲ್ಲಿ ತಿಳಿದುಬಂದಿತು. ವಿಕೃತ ಗ್ರಾಹಕವು ಹಾರ್ಮೋನಿಗೆ ಸ್ಪಂದಿಸುವುದಿಲ್ಲ. ತಡೆ ಮುಂದುವರಿದು ಕಣಗಳು ಎಳೆಯದಾಗಿಯೇ ಉಳಿಯುತ್ತವೆ.

ಸಾರ್ವಜನಿಕರ ಗಮನಕ್ಕೆ

ರಕ್ತಹೀನತೆಗೆ ಕಬ್ಬಿಣಾಂಶದ ಕೊರತೆಯೇ ಅತಿ ಸಾಮಾನ್ಯ ಕಾರಣ. ಆದಾಗ್ಯೂ, ದೀರ್ಘಕಾಲದ ಮೂತ್ರಪಿಂಡ ಕಾಯಿಲೆಯಲ್ಲಿ ಎರಿಥ್ರೋಪೊಯೆಟಿನ್ ಸಾಲದೆ, ಅಥವಾ ಥೈರಾಯ್ಡ್ ಹಾರ್ಮೋನಿನ ಕೊರತೆಯಿಂದಲೂ ರಕ್ತಹೀನತೆ ಉಂಟಾಗಬಹುದು. ಆದುದರಿಂದ ಕಬ್ಬಿಣಾಂಶದ ಮಾತ್ರೆಗಳನ್ನು ಕ್ರಮವಾಗಿ ಸೇವಿಸಿದರೂ ಹಿಮೋಗ್ಲೋಬಿನ್ ಪ್ರಮಾಣ ಏರದಿದ್ದಲ್ಲಿ, ಮಾತ್ರೆಗಳನ್ನು ತಾವಾಗಿಯೇ ಹೆಚ್ಚಿಸದೆ ವೈದ್ಯರನ್ನು ಕಂಡು, ಮೂತ್ರಪಿಂಡ ಹಾಗೂ ಥೈರಾಯ್ಡ್ ಪರೀಕ್ಷೆಯ ಅಗತ್ಯವಿದೆಯೇ ಎಂದು ವಿಚಾರಿಸತಕ್ಕದ್ದು. ಎರಿಥ್ರೋಪೊಯೆಟಿನ್ ಚುಚ್ಚುಮದ್ದು ಲಭ್ಯವಿದ್ದು, ಹಿಮೋಗ್ಲೋಬಿನ್ ಅತಿಯಾಗಿ ಏರಿದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿರುವುದರಿಂದ ಅದನ್ನು ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ಪಡೆಯತಕ್ಕದ್ದು.